ಕಾಗದ ಅಡ್ಡ ಇಟ್ಟರೂ ಗೈಗರ್ ಕೌಂಟರಿನ ಎಣಿಕೆ ಇಳಿಯುತ್ತಿಲ್ಲ, ಟ್ಯೂಬ್ ಹಾಳಾಗಿದೆಯಾ?

ಡೊಂಬಿವಲಿ_ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗಳ ಶಾಲೆಯಲ್ಲಿ ಶನಿವಾರ ವಿಜ್ಞಾನ ಪ್ರದರ್ಶನ. ಪುಸ್ತಕದಲ್ಲಿ ಬರುವ ಆ ಚಿತ್ರ ಗೊತ್ತಲ್ಲ? ಮೂರು ಬಗೆಯ ವಿಕಿರಣ: ಆಲ್ಫಾ ಕಾಗದಕ್ಕೆ ನಿಲ್ಲುತ್ತದೆ, ಬೀಟಾ ಅಲ್ಯೂಮಿನಿಯಂಗೆ, ಗಾಮಾ ಸೀಸಕ್ಕೆ. ಅದನ್ನೇ ಮಾಡಿ ತೋರಿಸೋಣ ಅಂತ ಹೊರಟೆವು. ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದ ಗೈಗರ್ ಕೌಂಟರಿನ (ವಿಕಿರಣ ಎಣಿಸುವ ಸಾಧನ) ಕಿಟ್ ತಂದು ನಾನೇ ಸೋಲ್ಡರ್ ಮಾಡಿದೆ. ವಿಕಿರಣ ಹಿಡಿಯುವ ಟ್ಯೂಬ್ ಜೆ305, ಗಾಜಿನದು. ಕುಂದಾಪುರದ ಮನೆಯ ಅಟ್ಟದಲ್ಲಿ ಹಳೇ ಗ್ಯಾಸ್‌ಲೈಟಿನ ಮ್ಯಾಂಟಲ್ (ಬೆಳಕು ಕೊಡುವ ಬಟ್ಟೆಯ ಬಲೆ) ಒಂದಿತ್ತು, ಉರಿಸದೇ ಇದ್ದದ್ದು. ಅದರಲ್ಲಿ ವಿಕಿರಣ ಬಿಡುವ ಥೋರಿಯಂ ಇದೆ. ಅಜ್ಜ ಯಕ್ಷಗಾನದ ಮೇಳಕ್ಕೆ ಲೈಟು ಬಾಡಿಗೆ ಕೊಡುತ್ತಿದ್ದರು.

ಸುಮ್ನೆ ಇಟ್ಟರೆ ನಿಮಿಷಕ್ಕೆ 20ರಿಂದ 30. ಮ್ಯಾಂಟಲ್ ಹತ್ತಿರ ತಂದರೆ 190ರ ಆಸುಪಾಸು. ಕಾಗದ ಅಡ್ಡ ಇಟ್ಟೆ, 197. ಇನ್ನೊಮ್ಮೆ, 181. ಅಡುಗೆಮನೆಯ ಫಾಯಿಲ್ ಇಟ್ಟರೂ ಅಷ್ಟೇ. ಮೇಲಿಂದ ಮಲ್ಟಿಮೀಟರಿನಲ್ಲಿ ಟ್ಯೂಬಿನ ವೋಲ್ಟೇಜ್ 250 ತೋರಿಸುತ್ತಿದೆ, ಸುಮಾರು 400 ಇರಬೇಕಿತ್ತು. ಟ್ಯೂಬ್ ಬದಲಿಸಬೇಕಾ?

ಪುಣೆ_ಸೋಲ್ಡರ್:
ಬದಲಿಸಬೇಡಿ ಸರ್, ಟ್ಯೂಬ್ ಚೆನ್ನಾಗಿದೆ. ಮೊದಲು ವೋಲ್ಟೇಜ್ ವಿಷಯ. ಮಾಮೂಲಿ ಮಲ್ಟಿಮೀಟರಿನ ಒಳರೋಧ ಸುಮಾರು 10 ಮೆಗಾ ಓಮ್. ಈ ಕಿಟ್‌ಗಳ ಹೈ ವೋಲ್ಟೇಜ್ ಸರ್ಕಿಟ್ಟಿಗೆ ಅಷ್ಟು ಹೊರೆಯೂ ಜಾಸ್ತಿ. ಮೀಟರ್ ಚುಚ್ಚಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ತೆಗೆದರೆ ಸರಿಹೋಗುತ್ತದೆ. ನಾನೂ ಇದನ್ನು ನಂಬಿ ಒಳ್ಳೇ ಬೋರ್ಡಿನ ಟ್ರಾನ್ಸಿಸ್ಟರ್ ಕಿತ್ತವನೇ.

ಈಗ ಕಾಗದ. ನಿಮ್ಮ ಟ್ಯೂಬ್ ಆಲ್ಫಾವನ್ನು ನೋಡುವುದೇ ಇಲ್ಲ! ಆಲ್ಫಾ ಅಂದರೆ ಹೀಲಿಯಂ ನ್ಯೂಕ್ಲಿಯಸ್. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್, ಭಾರವಾದ ಗುಂಡು. ಹೋದ ದಾರಿಯಲ್ಲೆಲ್ಲ ಎಲೆಕ್ಟ್ರಾನ್ ಕಿತ್ತುಕೊಂಡೇ ಹೋಗುತ್ತದೆ, ಬೇಗ ಸುಸ್ತಾಗುತ್ತದೆ. ಗಾಳಿಯಲ್ಲೇ ಕೆಲವು ಸೆಂಟಿಮೀಟರ್. ಟ್ಯೂಬಿನ ಗಾಜು ಅದರ ಪಾಲಿಗೆ ಕೋಟೆಗೋಡೆ. ಗಾಜೇ ತಡೆದ ಮೇಲೆ ಕಾಗದಕ್ಕೆ ಏನು ಕೆಲಸ? ಆಲ್ಫಾ ಬೇಕಿದ್ದರೆ ತುದಿಯಲ್ಲಿ ತೆಳ್ಳನೆಯ ಮೈಕಾ ಕಿಟಕಿ ಇರುವ ಟ್ಯೂಬ್ ಬೇಕು. ಅದರ ಬೆಲೆ ಕೇಳಿದರೆ ಪ್ರದರ್ಶನವೇ ಬೇಡ ಅನಿಸಬಹುದು.

ನೀವು ಎಣಿಸುತ್ತಿರುವುದು ಬೀಟಾ ಮತ್ತು ಗಾಮಾ. ಮ್ಯಾಂಟಲ್‌ನಲ್ಲಿರುವ ಥೋರಿಯಂ ಬಿಡುವುದು ಆಲ್ಫಾವೇ, ಆದರೆ ಅದರಿಂದ ಹುಟ್ಟುವ ಮರಿ ಧಾತುಗಳಲ್ಲಿ ಬೀಟಾ, ಗಾಮಾ ಬಿಡುವವು ಇವೆ. ಥೋರಿಯಂ ಶುದ್ಧ ಮಾಡುವಾಗ ಇವುಗಳಲ್ಲಿ ಕೆಲವನ್ನು ಬೇರ್ಪಡಿಸಿರುತ್ತಾರೆ, ವರ್ಷಗಳು ಕಳೆದಂತೆ ಮತ್ತೆ ತುಂಬಿಕೊಳ್ಳುತ್ತವೆ. ಅಜ್ಜನ ಕಾಲದ್ದು ಸಿಕ್ಕಿದ್ದು ಅದೃಷ್ಟ. ಈಗಿನ ಎಷ್ಟೋ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇಲ್ಲ.

ಚೆಂಬೂರಿನವ:
ಫಾಯಿಲ್ ಬಗ್ಗೆ ನಾನು ಹೇಳುತ್ತೇನೆ. ಬೀಟಾ ಅಂದರೆ ವೇಗವಾಗಿ ಓಡುವ ಎಲೆಕ್ಟ್ರಾನ್. ನಿಮ್ಮ ಮ್ಯಾಂಟಲ್‌ನ ಜೋರಾದ ಬೀಟಾವನ್ನು ನಿಲ್ಲಿಸಲು ಸುಮಾರು 4 ಮಿಲಿಮೀಟರ್ ಅಲ್ಯೂಮಿನಿಯಂ ಬೇಕು. ಫಾಯಿಲಿನ ದಪ್ಪ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು. ಅಂದರೆ ನಾನೂರು ಪದರ ಮಡಚಬೇಕು ಮಾರಾಯ್ರೆ! ಅದರ ಬದಲು ಮನೆಯ ಸ್ಟೀಲ್ ತಟ್ಟೆ ಮೂರು ಒಂದರ ಮೇಲೊಂದು ಇಡಿ. ಒಟ್ಟು 2 ಮಿಲಿಮೀಟರ್ ಆದರೆ ಸಾಕು, ಸ್ಟೀಲ್ ಭಾರ ಅಲ್ವಾ.

ಆಮೇಲೂ ಉಳಿಯುವುದು ಗಾಮಾ. ಅದು ಕಣವಲ್ಲ, ಬೆಳಕಿನ ಜಾತಿಯದೇ, ಶಕ್ತಿ ಮಾತ್ರ ವಿಪರೀತ. ಪುಸ್ತಕದ ಚಿತ್ರ ದಾರಿ ತಪ್ಪಿಸುವುದು ಇಲ್ಲೇ. ಸೀಸ ಗಾಮಾವನ್ನು ನಿಲ್ಲಿಸುವುದಿಲ್ಲ, ಕಡಿಮೆ ಮಾಡುತ್ತದೆ. ಥೋರಿಯಂ ಸಾಲಿನ ಥ್ಯಾಲಿಯಂ-208 ಬಿಡುವ ಗಾಮಾದ ಶಕ್ತಿ 2.6 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್). ಅದನ್ನು ಅರ್ಧ ಮಾಡಲಿಕ್ಕೇ ಸುಮಾರು ಒಂದೂವರೆ ಸೆಂಟಿಮೀಟರ್ ಸೀಸ ಬೇಕು. ಇನ್ನೊಂದೂವರೆ ಇಟ್ಟರೆ ಉಳಿದದ್ದರಲ್ಲಿ ಅರ್ಧ. ಪ್ರಯೋಗ ಮಾಡಬೇಕಿದ್ದರೆ ಮೀನುಬಲೆಗೆ ಕಟ್ಟುವ ಸೀಸದ ಗುಂಡು ತನ್ನಿ, ಡಬ್ಬದಲ್ಲಿ ತುಂಬಿ ಅಡ್ಡ ಇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಯಾರಾದರೂ ನ್ಯೂಟ್ರಾನ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಅದಕ್ಕೆ ಸೀಸವಲ್ಲ, ನೀರು ಅಥವಾ ಮೇಣ. ಹೈಡ್ರೋಜನ್‌ಗೆ ಡಿಕ್ಕಿ ಹೊಡೆದು ವೇಗ ಕಳೆದುಕೊಳ್ಳುತ್ತದೆ. ಇಲ್ಲೇ ಟ್ರಾಂಬೆಯಲ್ಲಿ 1956ರಲ್ಲಿ ಶುರುವಾದ ಅಪ್ಸರಾ ರಿಯಾಕ್ಟರ್ ನೀರಿನ ಕೊಳದಲ್ಲೇ ಮುಳುಗಿತ್ತು.

ಪುಣೆ_ಸೋಲ್ಡರ್:
ಇನ್ನೊಂದು ಮಾತು. ಒಂದು ನಿಮಿಷದ ಎಣಿಕೆ ನಂಬಬೇಡಿ. ಎಣಿಕೆಯ ವರ್ಗಮೂಲದಷ್ಟು ಏರಿಳಿತ ಸಹಜ. 190 ಬಂದರೆ 14 ಆಚೀಚೆ. ನಿಮ್ಮ 197, 181 ಎರಡೂ ಅದರೊಳಗೇ ಇವೆ. ಪ್ರತಿ ಸಲ ಹತ್ತು ನಿಮಿಷ ಎಣಿಸಿ, ದೂರ ಬದಲಾಗದಂತೆ ಟ್ಯೂಬು, ಮ್ಯಾಂಟಲ್ ಎರಡನ್ನೂ ಟೇಪ್ ಹಾಕಿ ಕೂರಿಸಿ.

ಮ್ಯಾಂಟಲ್ ಜಿಪ್ ಕವರಿನಲ್ಲೇ ಇರಲಿ, ಮಕ್ಕಳ ಕೈಗೆ ಬೇಡ. ಹಳೇ ಮ್ಯಾಂಟಲ್ ಪುಡಿಯಾಗುತ್ತದೆ. ಹೊರಗಿದ್ದಾಗ ಆಲ್ಫಾ ನಮ್ಮ ಚರ್ಮದ ಸತ್ತ ಪದರವನ್ನೂ ದಾಟುವುದಿಲ್ಲ. ಪುಡಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಮಾತ್ರ ಇಡೀ ಶಕ್ತಿಯನ್ನು ಅಲ್ಲೇ ಸುರಿಯುತ್ತದೆ. ಕಾಗದಕ್ಕೆ ನಿಲ್ಲುವಂಥದ್ದು ಅಂತ ಸಲೀಸಾಗಿ ತೆಗೆದುಕೊಳ್ಳಬೇಡಿ.

ಡೊಂಬಿವಲಿ_ಅಪ್ಪ:
ನಿನ್ನೆ ರಾತ್ರಿ ಕೂತು ಮಾಡಿದೆವು. ಎಲ್ಲಾ ಹತ್ತು ನಿಮಿಷದ ಲೆಕ್ಕ. ಖಾಲಿ 238. ಮ್ಯಾಂಟಲ್ 1912. ಕಾಗದ ಇಟ್ಟರೆ 1887. ಮೂರು ತಟ್ಟೆ ಇಟ್ಟರೆ 640! ತಟ್ಟೆ ಜಾರಿಸಿದ ಕೂಡಲೇ ಟಿಕ್ ಟಿಕ್ ಸದ್ದು ನಿಧಾನವಾಗಿದ್ದು ಕಿವಿಗೇ ಗೊತ್ತಾಯಿತು, ಮಗಳು ಕುಣಿದಳು. ಸೀಸ ಇನ್ನೂ ಸಿಕ್ಕಿಲ್ಲ, ನಾಳೆ ಆಫೀಸಿನಿಂದ ಬೇಗ ಹೊರಟು ಮೀನುಗಾರರ ಬಂದರು ಸಸೂನ್ ಡಾಕ್ ಕಡೆ ಕೇಳಿ ನೋಡುತ್ತೇನೆ. ಚಾರ್ಟಿನಲ್ಲಿ ಆಲ್ಫಾ ಮುಂದೆ ‘ಈ ಟ್ಯೂಬಿಗೆ ಕಾಣುವುದಿಲ್ಲ’ ಅಂತ ಅವಳೇ ಬರೆದಿದ್ದಾಳೆ.

ಚೆಂಬೂರಿನವ:
ಡಾಕ್‌ಗೆ ಬೆಳಿಗ್ಗೆಯೇ ಹೋಗಿ ಮಾರಾಯ್ರೆ, ಸಂಜೆ ಯಾರೂ ಸಿಗಲಿಕ್ಕಿಲ್ಲ.