ಫ್ರಿಸಿಯನ್ ‘ನ್ಯಿರ್ರೆ’: ನಂಟರು ಯಾರು, ಯಾರಲ್ಲ?

ಪ್ರಶ್ನೆ: ನೆದರ್ಲೆಂಡ್ಸ್‌ನ ಫ್ರೀಸ್‌ಲಾಂಡ್ ಪ್ರಾಂತ್ಯದ ಭಾಷೆಯಾದ ಪಶ್ಚಿಮ ಫ್ರಿಸಿಯನ್‌ನ ‘ನ್ಯಿರ್ರೆ’ ಎಂದರೆ ಯಾವುದೇ ಹಾವೇ? ನಮ್ಮ ‘ನಾಗ’ಕ್ಕೂ ಅದಕ್ಕೂ ನಂಟಿದೆಯೇ?

ಉತ್ತರ: ಯಾವುದೇ ಹಾವಲ್ಲ. ಹಾವಿಗೆ ಅಲ್ಲಿ ಸಾಮಾನ್ಯ ಪದ ‘ಸ್ಲಾಂಗ್’, ಡಚ್ಚಿನಲ್ಲಿರುವಂತೆಯೇ. ನ್ಯಿರ್ರೆ ಎಂದರೆ ಇಂಗ್ಲಿಷಿನಲ್ಲಿ ‘ಆ್ಯಡರ್’ ಎನ್ನುವ ವಿಷದ ಹಾವು, ಪ್ರಾಣಿಶಾಸ್ತ್ರದ ಹೆಸರು ‘ವೈಪೆರಾ ಬೆರಸ್’. ಫ್ರೀಸ್‌ಲಾಂಡ್-ಡ್ರೆಂತೆ ಗಡಿಯ ಫೊಖ್ಟೆಲೂರ್‌ವೇನ್ ಜೌಗಿನಲ್ಲಿ ಈಗಲೂ ಇದೆ. ಕನ್ನಡಕ್ಕೆ ತರುವಾಗ ‘ಮಂಡಲದ ಜಾತಿಯ ಹಾವು’ ಎನ್ನಿ. ‘ನಾಗರ’ ಎಂದರೆ ಹಾವಿನ ಕುಟುಂಬವೇ ಬದಲಾಗುತ್ತದೆ. ರೋಮನ್ ಬರಹದಲ್ಲಿ ಎನ್ ಆದಮೇಲೆ ಬರುವ ಜೆ ಅಕ್ಷರವನ್ನು ಯಕಾರವಾಗಿ ಓದಬೇಕು.

ಇದರ ಒಡಹುಟ್ಟುಗಳು: ಗಾಥಿಕ್ ನದ್ರ್ಸ್, ಹಳೆ ನಾರ್ಸ್ ನದ್ರ, ಹಳೆ ಇಂಗ್ಲಿಷ್ ನ್ಯಾದ್ರೆ, ಜರ್ಮನ್ ನಾಟರ್. ಫ್ರಿಸಿಯನ್‌ನಲ್ಲಿ ನಡುವಿನ ದಕಾರ ಸವೆದುಹೋಗಿದೆ. ಗರಿ, ಚರ್ಮ ಎಂಬರ್ಥದ ‘ಫೇರ್’, ‘ಲೇರ್’ ಪದಗಳಲ್ಲೂ ಹಾಗೆಯೇ. ಇನ್ನೂ ದೂರದ ದಾಯಾದಿಗಳು ಲ್ಯಾಟಿನ್ ನಾಟ್ರಿಕ್ಸ್, ವೆಲ್ಶ್ ನೈದ್ರ್, ಐರಿಷ್ ನಹಿರ್ (ಹಾವೇ ಇಲ್ಲದ ಐರ್ಲೆಂಡಿನಲ್ಲೂ ಪದ ಮಾತ್ರ ಉಳಿದಿದೆ!). ನಾಟ್ರಿಕ್ಸ್ ನೀರುಹಾವಾದ್ದರಿಂದ ಅದನ್ನು ‘ಈಜು’ ಎಂಬರ್ಥದ ಲ್ಯಾಟಿನ್ ಧಾತುವಿಗೆ ಗಂಟುಹಾಕುವವರಿದ್ದಾರೆ; ಸೆಲ್ಟಿಕ್ (ವೆಲ್ಶ್, ಐರಿಷ್), ಜರ್ಮಾನಿಕ್ ರೂಪಗಳನ್ನು ಅದರ ಜೊತೆಗಿಟ್ಟು ಹೋಲಿಸಿದರೆ ಆ ವಾದ ಜನಪದ ವ್ಯುತ್ಪತ್ತಿಯಂತೆಯೇ ತೋರುತ್ತದೆ. ‘ಹೊಸೆ, ನೂಲು’ ಎಂಬ ಧಾತು ಹೆಚ್ಚು ಒಪ್ಪುತ್ತದೆ. ನಮ್ಮ ನೀರೊಳ್ಳೆಗೂ ಹಿಂದೆ ಪ್ರಾಣಿಶಾಸ್ತ್ರದವರು ನಾಟ್ರಿಕ್ಸ್ ಪಿಸ್ಕೇಟರ್ ಎಂದೇ ಹೆಸರಿಟ್ಟಿದ್ದರು.

ಸ್ವಾರಸ್ಯ ಇರುವುದು ಮೊದಲ ನಕಾರದಲ್ಲಿ. ಹಳೆ ನ್ಯಾದ್ರೆಯಿಂದ ಬಂದ ಇಂಗ್ಲಿಷಿನ ‘ಎ ನ್ಯಾಡರ್’ ಅನ್ನು ಜನ ‘ಆ್ಯನ್ ಆ್ಯಡರ್’ ಎಂದು ಒಡೆದರು. ‘ನೇಪ್ರನ್’ ಏಪ್ರನ್ ಆದದ್ದೂ ಇದೇ ದಾರಿಯಲ್ಲಿ. ಡಚ್ಚೂ ‘ಆಡರ್’ ಎನ್ನುತ್ತದೆ. ಫ್ರಿಸಿಯನ್‌ನ ಅನಿಶ್ಚಿತ ಉಪಪದ (ಇಂಗ್ಲಿಷಿನ ‘ಎ’, ‘ಆ್ಯನ್’ನಂಥದು) ‘ಇನ್’ ಕೂಡ ನಕಾರಾಂತವೇ, ಆದರೂ ‘ಇನ್ ನ್ಯಿರ್ರೆ’ ಒಡೆಯಲಿಲ್ಲ. ನಕಾರಕ್ಕೆ ಅಂಟಿಕೊಂಡ ಯಕಾರವೇ ಅದನ್ನು ಕಾಪಾಡಿತೇನೋ ಎಂಬುದು ನನ್ನ ಊಹೆ.

ಜರ್ಮನ್‌ನಲ್ಲಿ ಒಂದು ಎಡವಟ್ಟಿದೆ. ಸ್ತ್ರೀಲಿಂಗದ ‘ಓಟರ್’ ನಾಟರ್‌ನಿಂದಲೇ ಕವಲೊಡೆದ ಹಾವು; ಪುಲ್ಲಿಂಗದ ‘ಓಟರ್’ ನೀರುನಾಯಿ, ಅದರ ಬೇರು ಬೇರೆ. ಲಿಂಗ ನೋಡದೆ ನಿಘಂಟು ತೆರೆದರೆ ಎರಡೂ ಬೆರೆಯುತ್ತವೆ.

‘ನಾಗ’ವನ್ನು ಕೆಲವರು ಹೋಲಿಸುವುದು ‘ಸ್ನೇಕ್’ ಜೊತೆಗೆ. ಅಲ್ಲಿ ಸಂಸ್ಕೃತದ ಗಕಾರಕ್ಕೆ ಜರ್ಮಾನಿಕ್ ಕಕಾರ ನಿಯಮದಂತೆ ಹೊಂದುತ್ತದೆ, ಆದರೂ ಎಲ್ಲರೂ ಒಪ್ಪಿಲ್ಲ. ನ್ಯಿರ್ರೆಯ ಮೂಲದಲ್ಲಿರುವುದು ತಕಾರ, ರಕಾರ. ಗಕಾರಕ್ಕೆ ಅಲ್ಲಿ ಜಾಗವೇ ಇಲ್ಲ.