ಇ = ಎಂಸಿ²: ಬೆಳಕಿನ ವೇಗ ಇಲ್ಲಿಗೆ ಹೇಗೆ ಬಂತು?

ಪ್ರಶ್ನೆ: ಸರ್, ಮೇಜಿನ ಮೇಲೆ ಸುಮ್ಮನೆ ಇರೋ ಕಲ್ಲಿಗೂ ಬೆಳಕಿನ ವೇಗಕ್ಕೂ ಏನು ಸಂಬಂಧ? ಅದೂ ವರ್ಗ ಯಾಕೆ?

ಉತ್ತರ: ಸೂತ್ರದಲ್ಲಿ ‘ಇ’ ಶಕ್ತಿ, ‘ಎಂ’ ದ್ರವ್ಯರಾಶಿ, ‘ಸಿ’ ಬೆಳಕಿನ ವೇಗ. ಎರಡು ‘ಸಿ’ಗಳೂ ಬೇರೆ ಬೇರೆ ಕಡೆಯಿಂದ ಬರುತ್ತವೆ. ಅದನ್ನು ಹಿಡಿದರೆ ಸೂತ್ರ ಬಾಯಿಪಾಠ ಮಾಡಬೇಕಾಗಿಲ್ಲ.

ನಿಂತಿರುವ ವಸ್ತುವೊಂದು ಎಡಕ್ಕೂ ಬಲಕ್ಕೂ ಒಟ್ಟಿಗೇ ಬೆಳಕು ಹೊರಬಿಡಲಿ, ತಲಾ ಇ/2 ಶಕ್ತಿ. ಎರಡೂ ಕಡೆಯ ಸಂವೇಗ (ಚಲನೆಯ ಅಳತೆ; ನಿಧಾನ ವಸ್ತುವಿಗೆ ದ್ರವ್ಯರಾಶಿ × ವೇಗ) ಸಮ, ವಸ್ತು ಕದಲುವುದಿಲ್ಲ. ಈಗ ‘ವಿ’ ಎಂಬ ಸಣ್ಣ ವೇಗದಲ್ಲಿ ಕೆಳಗಿಳಿಯುತ್ತಿರುವವರು ಇದನ್ನೇ ನೋಡಲಿ. ಅವರ ಲೆಕ್ಕದಲ್ಲಿ ವಸ್ತು ‘ವಿ’ ವೇಗದಲ್ಲಿ ಮೇಲೇರುತ್ತಿದೆ, ಕಿರಣಗಳೂ ಮೇಲಕ್ಕೆ ತುಸು ಓರೆ. ಬೆಳಕಿನ ವೇಗ ಅವರಿಗೂ ‘ಸಿ’ಯೇ ಆದ್ದರಿಂದ ಓರೆಯ ಪ್ರಮಾಣ ವಿ/ಸಿ. ಇದು ಮೊದಲನೆಯ ‘ಸಿ’. ವಿದ್ಯುತ್ತು, ಕಾಂತತ್ವ, ಬೆಳಕನ್ನು ವಿವರಿಸುವ ಮ್ಯಾಕ್ಸ್‌ವೆಲ್ ಸಮೀಕರಣಗಳ ಪ್ರಕಾರ ಬೆಳಕಿನ ಸಂವೇಗ ಇ/ಸಿ. ಇದು ಎರಡನೆಯದು. ಗುಣಿಸಿದರೆ, ಬೆಳಕು ಮೇಲ್ಮುಖವಾಗಿ ಒಯ್ದ ಸಂವೇಗ ಇ×ವಿ/ಸಿ². ಅಷ್ಟು ಸಂವೇಗವನ್ನು ವಸ್ತು ಕಳೆದುಕೊಳ್ಳಲೇಬೇಕು, ಆದರೆ ಅದರ ವೇಗ ಬದಲಾಗಿಲ್ಲ. ಹಾಗಾದರೆ ಇಳಿದದ್ದು ದ್ರವ್ಯರಾಶಿ, ಇ/ಸಿ²ನಷ್ಟು. ಐನ್‌ಸ್ಟೈನ್ 1905ರಲ್ಲಿ ಇಂಥದೇ ಎರಡು ಕಿರಣಗಳ ಏರ್ಪಾಡನ್ನು ಸಂವೇಗದ ಬದಲು ಶಕ್ತಿಯ ಲೆಕ್ಕದಲ್ಲಿ ಬಿಡಿಸಿದ್ದರು.

ಪ್ರಶ್ನೆ: ಇದು ಪರಮಾಣು ಬೀಜಕ್ಕೆ ಮಾತ್ರ ಅನ್ವಯ ಅಲ್ವಾ? ಒಲೆ ಮೇಲಿನ ನೀರಿಗೂ ಅನ್ವಯಿಸುತ್ತಾ?

ಉತ್ತರ: ಖಂಡಿತ. 1 ಕೆಜಿ ನೀರನ್ನು 20ರಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 3.35 ಲಕ್ಷ ಜೂಲ್ ಬೇಕು. ಸಿ², ಅಂದರೆ 9×10¹⁶ರಿಂದ ಭಾಗಿಸಿ: ತೂಕ ಏರುವುದು 3.7 ನ್ಯಾನೋಗ್ರಾಂ. ಯಾವ ತಕ್ಕಡಿಗೂ ಸಿಗುವುದಿಲ್ಲ.

ಬೀಜದಲ್ಲಿ ಸಿಗುತ್ತದೆ. 1932ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಭೌತವಿಜ್ಞಾನಿಗಳಾದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಲಿಥಿಯಂ-7ಕ್ಕೆ ಪ್ರೋಟಾನ್ ಹೊಡೆದು ಎರಡು ಹೀಲಿಯಂ ಬೀಜ ಪಡೆದರು. ಪರಮಾಣು ಮಾನದಲ್ಲಿ ಮೊದಲು 7.01600 + 1.00783 = 8.02383, ಆಮೇಲೆ 2×4.00260 = 8.00520. ಕೊರತೆ 0.01863. ಒಂದು ಪರಮಾಣು ಮಾನ 931.5 ಎಂಇವಿಗೆ (ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟ್, ಶಕ್ತಿಯ ಮಾನ) ಸಮ, ಆದ್ದರಿಂದ 931.5ರಿಂದ ಗುಣಿಸಿದರೆ 17.35 ಎಂಇವಿ. ಹೀಲಿಯಂ ಬೀಜಗಳ ಅಳೆದ ಚಲನಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ.

ಪರೀಕ್ಷೆಯಲ್ಲಿ ಎಡವುವುದು ಇಲ್ಲೇ. ಪ್ರತಿ ರಾಶಿಯನ್ನೂ ಎರಡು ದಶಮಾಂಶ ಸ್ಥಾನಕ್ಕೆ ದುಂಡಾಗಿಸಿದರೆ (7.02, 1.01, 4.00) ಕೊರತೆ 0.03 ಆಗಿ ಉತ್ತರ ಸುಮಾರು 28ಕ್ಕೆ ಹಾರುತ್ತದೆ. ಐದು ಸ್ಥಾನ ಇಟ್ಟುಕೊಳ್ಳಿ. ಒಂದು ಕಡೆ ಪರಮಾಣುವಿನ ರಾಶಿ, ಇನ್ನೊಂದು ಕಡೆ ಬರೀ ಬೀಜದ ರಾಶಿ ಹಾಕಬೇಡಿ. ಬಿಟ್ಟುಹೋದ ಪ್ರತಿ ಎಲೆಕ್ಟ್ರಾನ್‌ಗೂ 0.511 ಎಂಇವಿ ತಪ್ಪುತ್ತದೆ. ‘ಕಣಗಳು ಕರಗಿ ಶಕ್ತಿಯಾದವು’ ಎಂದೂ ಬರೆಯಬೇಡಿ. ಪ್ರೋಟಾನ್, ನ್ಯೂಟ್ರಾನ್ ಸೇರಿ ಮೊದಲೂ ಎಂಟು, ಆಮೇಲೂ ಎಂಟು. ಕಣಗಳು ಇನ್ನೂ ಬಿಗಿಯಾಗಿ ಬೆಸೆದುಕೊಂಡಿವೆ, ಅದರಿಂದಲೇ ರಾಶಿ ಇಳಿದಿದೆ.

ಪ್ರಶ್ನೆ: ಫೋಟಾನ್‌ಗೆ, ಅಂದ್ರೆ ಬೆಳಕಿನ ಕಣಕ್ಕೆ, ರಾಶಿ ಸೊನ್ನೆ, ಹಾಗಾದ್ರೆ ಶಕ್ತಿಯೂ ಸೊನ್ನೆನಾ?

ಉತ್ತರ: ಇಲ್ಲ. ಇ = ಎಂಸಿ² ನಿಂತಿರುವ ವಸ್ತುವಿನ ಸೂತ್ರ, ಫೋಟಾನ್ ನಿಲ್ಲುವುದೇ ಇಲ್ಲ. ಪೂರ್ತಿ ಸೂತ್ರ ಇ² = (ಪಿಸಿ)² + (ಎಂಸಿ²)², ಇಲ್ಲಿ ‘ಪಿ’ ಸಂವೇಗ. ಎಂ ಸೊನ್ನೆ ಹಾಕಿದರೆ ಇ = ಪಿಸಿ ಉಳಿಯುತ್ತದೆ. ಮೇಲೆ ಬಳಸಿದ ಇ/ಸಿ ಸಂವೇಗ ಇದೇ.