ಪದಚರ್ಚೆ: ‘ಅಂಕದುಬ್ಬರ’ವೋ ‘ದರ್ಜೆಯುಬ್ಬರ’ವೋ?

ಸ್ನೇಹಿತರೆ,

‘ಗ್ರೇಡ್ ಇನ್‌ಫ್ಲೇಶನ್’ (ಕಲಿಕೆ ಹೆಚ್ಚದೆಯೇ ಅಂಕ ಅಥವಾ ದರ್ಜೆ ಮೇಲೇರುವುದು) ಎಂಬ ಮಾತಿಗೆ ಕನ್ನಡದಲ್ಲಿ ‘ಅಂಕದುಬ್ಬರ’, ‘ದರ್ಜೆಯುಬ್ಬರ’, ‘ಶ್ರೇಣಿ ಹಿಗ್ಗುವಿಕೆ’ ಎಂಬ ಮೂರು ರೂಪಗಳು ನನ್ನ ಮುಂದಿವೆ. ಶಾಲಾ ಮೌಲ್ಯಮಾಪನವನ್ನು ಕುರಿತ ಬರಹವೊಂದನ್ನು ತಿದ್ದುವಾಗ ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಎದ್ದಿತು. ಮೂರೂ ಒಂದೇ ಅರ್ಥ ಕೊಡುತ್ತವೆಂದು ನನಗೆ ಅನಿಸುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯವನ್ನು ಹೇಳಿ ನಿಮ್ಮ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

ವ್ಯಾಕರಣದ ದೃಷ್ಟಿಯಿಂದ ಮೊದಲೆರಡರಲ್ಲಿ ತೊಡಕಿಲ್ಲ. ‘ಹಣದುಬ್ಬರ’ದ ಜಾಡಿನಲ್ಲೇ ಹುಟ್ಟಿರುವುದರಿಂದ ಓದುಗರಿಗೆ ವಿವರಣೆಯಿಲ್ಲದೆ ತಿಳಿಯುತ್ತವೆ. ಮೂರನೆಯದನ್ನು ಬಿಡುವುದೇ ಮೇಲು. ‘ಶ್ರೇಣಿ’ ಎಂದರೆ ಸಾಲು ಎಂಬ ಅರ್ಥ ಇನ್ನೂ ಜೀವಂತವಾಗಿದೆ, ‘ಹಿಗ್ಗು’ ಎಂದೊಡನೆ ಸಂತೋಷವೂ ನೆನಪಾಗುತ್ತದೆ.

ನನ್ನ ಮುಖ್ಯ ಆಕ್ಷೇಪ ‘ಉಬ್ಬರ’ವನ್ನು ಎಲ್ಲೆಂದರಲ್ಲಿ ಬಳಸುವುದರ ಬಗ್ಗೆ. ಹತ್ತು ವರ್ಷಗಳ ಹಿಂದೆ ಒಂದು ಪ್ರಬಂಧಕ್ಕೆ ನೂರಕ್ಕೆ 62 ಅಂಕ ಸಿಕ್ಕಿತ್ತೆಂದು ಇಟ್ಟುಕೊಳ್ಳಿ. ಅದೇ ಪ್ರಬಂಧವನ್ನು, ಅಕ್ಷರವೂ ಬದಲಾಗದಂತೆ, ಇಂದಿನ ಮೌಲ್ಯಮಾಪಕರ ಕೈಗೆ ಕೊಟ್ಟಾಗ 78 ಸಿಕ್ಕರೆ ಅದು ಉಬ್ಬರ. ಇಂದಿನ ವಿದ್ಯಾರ್ಥಿ ಹೆಚ್ಚು ಓದಿ, ಹೆಚ್ಚು ಚೆನ್ನಾಗಿ ಬರೆದು 78 ಪಡೆದರೆ ಅದು ಬರಿಯ ಏರಿಕೆ. ಮೊದಲನೆಯದರಲ್ಲಿ ಅಳತೆಗೋಲೇ ಕುಗ್ಗಿ ಎಲ್ಲರೂ ಎತ್ತರವಾಗಿ ಕಾಣುತ್ತಾರೆ. ಎರಡನೆಯದರಲ್ಲಿ ಮಕ್ಕಳು ನಿಜವಾಗಿಯೂ ಬೆಳೆದಿರುತ್ತಾರೆ. ಫಲಿತಾಂಶದ ಪಟ್ಟಿಯಲ್ಲಿ ಇವೆರಡೂ ಒಂದೇ ಬಗೆಯಾಗಿ ಕಾಣುವುದರಿಂದಲೇ ಪದಗಳಲ್ಲಾದರೂ ವ್ಯತ್ಯಾಸ ಉಳಿಯಬೇಕು. ಕಾರಣ ಗೊತ್ತಾಗುವ ಮೊದಲೇ ‘ಅಂಕದುಬ್ಬರ’ ಎಂದು ಬರೆಯುವುದೆಂದರೆ ಕಷ್ಟಪಟ್ಟು ಓದಿದ ಮಕ್ಕಳ ಮೇಲೂ ಆರೋಪ ಹೊರಿಸಿದಂತೆ, ಮತ್ತು ಇದನ್ನು ನಾನು ಸಣ್ಣ ತಪ್ಪೆಂದು ಭಾವಿಸುವುದಿಲ್ಲ.

ಪದ ಸರಿಯಾಗಿ ಹೊಂದುವ ಸಂದರ್ಭಕ್ಕೆ ಬ್ರಿಟನ್ನಿನಲ್ಲಿ ಶಾಲೆಯ ಕೊನೆಯ ಹಂತದಲ್ಲಿ ನಡೆಯುವ ಎ-ಲೆವೆಲ್ ಪರೀಕ್ಷೆಗಳ ಇತ್ತೀಚಿನ ಇತಿಹಾಸ ಒಳ್ಳೆಯ ಉದಾಹರಣೆ. 2019ರಲ್ಲಿ ನೂರಕ್ಕೆ ಸುಮಾರು 25ರಷ್ಟು ಫಲಿತಾಂಶಗಳು ಎ ಅಥವಾ ಅದಕ್ಕೂ ಮೇಲಿನ ಎ-ಸ್ಟಾರ್ ದರ್ಜೆಯಲ್ಲಿದ್ದವು. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ಪರೀಕ್ಷೆಗಳು ರದ್ದಾದವು. ಮೊದಲ ವರ್ಷ ಗಣಕಸೂತ್ರವೊಂದರಿಂದ ದರ್ಜೆ ನಿಗದಿ ಮಾಡಲು ಹೋಗಿ, ಪ್ರತಿಭಟನೆಯ ನಂತರ ಅದನ್ನು ಕೈಬಿಟ್ಟು ಶಿಕ್ಷಕರ ಅಂದಾಜನ್ನೇ ಒಪ್ಪಿಕೊಳ್ಳಬೇಕಾಯಿತು. ಮರುವರ್ಷವೂ ಶಿಕ್ಷಕರೇ ದರ್ಜೆ ನಿರ್ಧರಿಸಿದರು, ಮತ್ತು ಮೇಲಿನ ಆ ಎರಡು ದರ್ಜೆಗಳ ಪಾಲು ನೂರಕ್ಕೆ 45ರ ಸಮೀಪಕ್ಕೆ ಏರಿತು. ಶಾಲೆಗಳು ಮುಚ್ಚಿದ್ದ ಆ ಕಾಲದಲ್ಲಿ ಕಲಿಕೆ ಅಷ್ಟೊಂದು ಹೆಚ್ಚಿತೆಂದು ಹೇಳಲಾಗದು; ಬದಲಾದದ್ದು ಅಳೆಯುವ ಕ್ರಮ. ಮುಂದೆ ಪರೀಕ್ಷೆಗಳ ನಿಯಂತ್ರಣ ಸಂಸ್ಥೆ ಎರಡು ಹಂತಗಳಲ್ಲಿ ದರ್ಜೆಗಳನ್ನು ಹಳೆಯ ಮಟ್ಟಕ್ಕೆ ತರಲು ನಿರ್ಧರಿಸಿ, 2023ರ ಹೊತ್ತಿಗೆ ಆ ಪಾಲು ಸುಮಾರು 27ಕ್ಕೆ ಇಳಿಯಿತು. ಇಲ್ಲಿ ‘ಉಬ್ಬರ’ ಮಾತ್ರವಲ್ಲ, ಅದರ ಜೊತೆಗಾರ ‘ಇಳಿತ’ವೂ ಪೂರ್ತಿಯಾಗಿ ಒಪ್ಪುತ್ತದೆ. ಆದರೆ ಅದಕ್ಕೂ ಹಿಂದಿನ ದಶಕಗಳಲ್ಲಿ ದರ್ಜೆಗಳು ನಿಧಾನವಾಗಿ ಮೇಲೇರಿದ್ದಕ್ಕೆ ಮೌಲ್ಯಮಾಪನದ ಸಡಿಲಿಕೆ ಕಾರಣವೋ, ಬೋಧನೆಯ ಸುಧಾರಣೆ ಕಾರಣವೋ, ಪರೀಕ್ಷೆಗೆಂದೇ ತಯಾರು ಮಾಡುವ ಅಭ್ಯಾಸ ಕಾರಣವೋ ಎಂಬುದು ವಾದದ ವಿಷಯವಾಗಿರುವುದರಿಂದ ಅಲ್ಲಿ ‘ಏರಿಕೆ’ ಎಂದಷ್ಟೇ ಬರೆಯುವುದು ನ್ಯಾಯ.

ಇನ್ನು ‘ಅಂಕ’ವೋ ‘ದರ್ಜೆ’ಯೋ ಎಂಬ ಪ್ರಶ್ನೆ. ನಮ್ಮ ಮಾತಿನಲ್ಲಿ ಇವೆರಡು ಬೆರೆತುಹೋಗಿದ್ದರೂ ಮೌಲ್ಯಮಾಪನದಲ್ಲಿ ಇವು ಬೇರೆ ಬೇರೆ. 2009ರ ಸುಧಾರಣೆಯ ನಂತರ ಸಿಬಿಎಸ್‌ಇ ಹತ್ತನೆಯ ತರಗತಿಗೆ ತಂದ ಒಂಬತ್ತು ಹಂತಗಳ ಪದ್ಧತಿಯಲ್ಲಿ 91 ಪಡೆದವರಿಗೂ 100 ಪಡೆದವರಿಗೂ ಎ-1 ಎಂಬ ಒಂದೇ ದರ್ಜೆ ಇತ್ತು. ಅಲ್ಲಿ 91 ಇದ್ದದ್ದು 97 ಆದರೆ ಅಂಕ ಏರಿತು, ದರ್ಜೆ ಅಲುಗಲಿಲ್ಲ. 89 ಇದ್ದದ್ದು 91 ಆದರೆ ಎರಡೇ ಅಂಕದ ವ್ಯತ್ಯಾಸಕ್ಕೆ ದರ್ಜೆಯೇ ಬದಲಾಯಿತು. ಹೀಗಿರುವಾಗ ಅಂಕಗಳನ್ನೇ ಪ್ರಕಟಿಸುವ ಪರೀಕ್ಷೆಯ ಬಗ್ಗೆ ಬರೆಯುವಾಗ ‘ಅಂಕದುಬ್ಬರ’ವೆಂದೂ ಅಕ್ಷರಗಳಲ್ಲಿ ಫಲಿತಾಂಶ ಕೊಡುವ ಪದ್ಧತಿಯ ಬಗ್ಗೆ ‘ದರ್ಜೆಯುಬ್ಬರ’ವೆಂದೂ ಬೇರೆಬೇರೆಯಾಗಿ ಬಳಸಬೇಕೆಂಬುದು ನನ್ನ ಸಲಹೆ. ಒಂದು ಎಚ್ಚರಿಕೆಯ ಮಾತು: ‘ದರ್ಜೆ ಏರಿಕೆ’ ಎಂದು ಬರೆದರೆ, ‘ಮೇಲ್ದರ್ಜೆಗೇರಿಸು’ ಎಂಬ ಬಳಕೆಯಿಂದಾಗಿ ಶಾಲೆಯೇ ಉನ್ನತಿಗೇರಿತೆಂದು ಓದುಗರು ತಿಳಿಯುವ ಸಾಧ್ಯತೆಯಿದೆ.

‘ಹಣದುಬ್ಬರ’ದ ಹೋಲಿಕೆ ಒಂದು ಕಡೆ ಸೋಲುತ್ತದೆ. ಬೆಲೆಗಳಿಗೆ ಮೇಲ್ಮಿತಿಯಿಲ್ಲ, ಅಂಕಗಳಿಗೆ ನೂರರ ಮಿತಿಯಿದೆ, ದರ್ಜೆಗಳಿಗೆ ಎ ಎಂಬ ತುದಿಯಿದೆ. ಮಿತಿಯಿರುವಲ್ಲಿ ಉಬ್ಬರವು ಮೇಲಿನ ದರ್ಜೆಯಲ್ಲಿ ಜನ ಕಿಕ್ಕಿರಿಯುವುದಾಗಿ ಮಾರ್ಪಡುತ್ತದೆ. ಅತ್ಯುತ್ತಮ ಉತ್ತರವನ್ನೂ ಉತ್ತಮ ಉತ್ತರವನ್ನೂ ಬೇರ್ಪಡಿಸಲು ದರ್ಜೆಗೆ ಶಕ್ತಿ ಸಾಲುವುದಿಲ್ಲ. ಎ-ಲೆವೆಲ್‌ಗೆ 2010ರಲ್ಲಿ ಎ-ಸ್ಟಾರ್ ಸೇರಿಸಿದ್ದು, ಇಂಗ್ಲೆಂಡಿನಲ್ಲಿ ಹದಿನಾರರ ವಯಸ್ಸಿನ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ 2017ರಿಂದ ಅಕ್ಷರಗಳ ಬದಲು 9ರಿಂದ 1ರವರೆಗಿನ ಸಂಖ್ಯೆಗಳನ್ನು ತಂದು ಮೇಲಿನ ಹಂತಗಳನ್ನು ಹೆಚ್ಚಿಸಿದ್ದು ಬಹುಮಟ್ಟಿಗೆ ಈ ಇಕ್ಕಟ್ಟನ್ನು ಬಿಡಿಸುವುದಕ್ಕಾಗಿ. ಈ ಸ್ಥಿತಿಯನ್ನು ಹೇಳಲು ‘ದರ್ಜೆ ಸಂಕುಚನ’ ಎಂದು ಬರೆದರೆ ದರ್ಜೆ ಕಡಿಮೆಯಾಯಿತೆಂಬ ವಿರುದ್ಧ ಅರ್ಥ ಬರುತ್ತದೆ. ‘ದರ್ಜೆದಟ್ಟಣೆ’ ನನಗೆ ಹೊಳೆದಿರುವ ಪದ. ‘ವಾಹನದಟ್ಟಣೆ’, ‘ಜನದಟ್ಟಣೆ’ಗಳ ಬಳಕೆಯಿರುವುದರಿಂದ ಅರ್ಥ ಕೂಡಲೇ ತಿಳಿದೀತು.

ಎದುರು ದಿಕ್ಕಿನ ಕ್ರಮಕ್ಕೂ ಪದ ಬೇಕು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಎ ವರ್ಗದ ದರ್ಜೆಗಳು ನೂರಕ್ಕೆ 35ನ್ನು ಮೀರಬಾರದೆಂಬ ಮಾರ್ಗಸೂಚಿ ತಂದು 2014ರಲ್ಲಿ ಅದನ್ನು ಕೈಬಿಟ್ಟಿತು. ಇದನ್ನು ‘ದರ್ಜೆಯಿಳಿತ’ ಎನ್ನುವುದಕ್ಕಿಂತ ‘ದರ್ಜೆಮಿತಿ’ ಎನ್ನುವುದು ಸರಿ. ಇಳಿತ ತಾನಾಗಿ ಆಗಬಹುದು, ಮಿತಿಯನ್ನು ಯಾರೋ ಹೇರಿರುತ್ತಾರೆ. ‘ಕೃಪಾಂಕ’ವನ್ನು ಉಬ್ಬರಕ್ಕೆ ಪರ್ಯಾಯವಾಗಿ ಬಳಸುವುದನ್ನೂ ನಾನು ಒಪ್ಪುವುದಿಲ್ಲ. ಕೃಪಾಂಕವು ನಿಯಮದ ಪ್ರಕಾರ, ಇಷ್ಟೇ ಎಂದು ಘೋಷಿಸಿ ಕೊಡುವಂಥದ್ದು. ಉಬ್ಬರಕ್ಕೆ ಅಂಥ ಘೋಷಣೆ ಇರುವುದಿಲ್ಲ.

ನನ್ನ ಪ್ರಶ್ನೆಗಳು ಎರಡು. ಕಾರಣ ಖಚಿತವಾಗದ ಕಡೆ ‘ಏರಿಕೆ’, ಅಳತೆ ಸಡಿಲಾದದ್ದು ಖಚಿತವಾದ ಕಡೆ ‘ಉಬ್ಬರ’ ಎಂಬ ಈ ವಿಂಗಡಣೆ ಪತ್ರಿಕೆಗಳ ಅವಸರದ ಬರವಣಿಗೆಯಲ್ಲಿ ಪಾಲಿಸಲು ಸಾಧ್ಯವೆಂದು ನಿಮಗೆ ಅನಿಸುತ್ತದೆಯೇ? ‘ದರ್ಜೆದಟ್ಟಣೆ’ಗಿಂತ ಹಗುರವಾದ, ಶಿಕ್ಷಕರ ಬಾಯಲ್ಲಿ ಈಗಾಗಲೇ ಇರುವ ಪದವೇನಾದರೂ ನಿಮ್ಮ ಗಮನಕ್ಕೆ ಬಂದಿದ್ದರೆ, ಅದನ್ನು ಅವರು ಬಳಸುವ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.